ಹಿಂದೀ ಚಿತ್ರಗೀತವೂ ವಂಗದ ಪೂಜಾಕಾಲದ ಧ್ವನಿಮುದ್ರಿಕೆಯೂ: ಹೇಮಂತ ಕುಮಾರರನ್ನು ಕುರಿತು

ಹಿಂದೀ ಚಲಚ್ಚಿತ್ರಕ್ಕೆ ಹಾಡಹೋದ ಇತರ ಭಾಷೆಗಳ ಗಾಯಕರನ್ನು ಕುರಿತು ವಿಮರ್ಶಕರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡುತ್ತಾರೆ. ಮುಂಬಯಿಯ ಹಣಕ್ಕೆ ಮನಸೋತು ತಾಯ್ನುಡಿಯನ್ನು ತೊರೆದನೆಂಬುದು ಒಂದು. ಅಷ್ಟು ಕೀರ್ತಿ ಬಂದರೂ ತಾಯ್ನುಡಿಯನ್ನು ಮರೆಯಲಿಲ್ಲವೆಂಬುದು ಇನ್ನೊಂದು. ಎರಡೂ ವ್ಯಕ್ತಿಯ ಶೀಲವನ್ನು ಕುರಿತ ತೀರ್ಪುಗಳೇ ಹೊರತು ಸಂಗೀತದ ಚರಿತ್ರೆಯಲ್ಲ. ಹೇಮಂತ ಕುಮಾರ ಮುಖೋಪಾಧ್ಯಾಯರ (1920-1989) ವಿಷಯದಲ್ಲಿ ಎರಡನೆಯ ಮಾತೇ ರೂಢಿಯಾಗಿದೆ. ಅವರ ಶೀಲವನ್ನು ನಾವು ಶಂಕಿಸುವುದಿಲ್ಲ. ಆದರೆ ಹಿಂದಿಯ ಚಿತ್ರಗೀತವೂ ಬಂಗಾಳಿಯ ಸ್ವತಂತ್ರಗೀತವೂ ಅವರ ಕಂಠದಲ್ಲಿ ವರ್ಷಗಟ್ಟಲೆ ಜೊತೆಜೊತೆಯಾಗಿ ನಡೆದುದಕ್ಕೆ ಅದೊಂದೇ ಕಾರಣವೆಂದರೆ ನಾವು ಒಪ್ಪಲಾರೆವು. ಕಲ್ಕತ್ತೆಯಲ್ಲಿ ಅವರ ಹಾಡಿಗೆ ಒಂದು ಪೇಟೆ ಇತ್ತು; ಆ ಪೇಟೆ ಚಲಚ್ಚಿತ್ರದ್ದಾಗಿರಲಿಲ್ಲ.

ವಂಗದೇಶದಲ್ಲಿ ದುರ್ಗಾಪೂಜೆಗೆ ಮುಂಚೆ ಪ್ರತಿ ವರ್ಷವೂ ಗ್ರಾಮೋಫೋನ್ ಕಂಪನಿಯವರು ಹೊಸ ಹಾಡುಗಳ ತಟ್ಟೆಗಳನ್ನು ಹೊರತರುತ್ತಿದ್ದರು. ಈ ಹಾಡುಗಳು ಯಾವ ಚಿತ್ರಕ್ಕೂ ಸೇರಿದವಲ್ಲ. ಅವುಗಳ ಸಾಹಿತ್ಯವನ್ನು ‘ಶಾರದ ಅರ್ಘ್ಯ’ವೆಂಬ ಪುಸ್ತಿಕೆಯಲ್ಲಿ ಅಚ್ಚುಮಾಡಿಸುವ ಪದ್ಧತಿಯೂ ಇತ್ತು. ಹಬ್ಬಕ್ಕೆ ಹೊಸ ಬಟ್ಟೆಯಂತೆ ಹೊಸ ಹಾಡು. ಕೊಳ್ಳುವವನು ಕಥೆಯನ್ನಾಗಲಿ ನಟನನ್ನಾಗಲಿ ನೋಡಿ ಕೊಳ್ಳುತ್ತಿರಲಿಲ್ಲ. ಗಾಯಕನ ಹೆಸರನ್ನು ನೋಡಿ ಕೊಳ್ಳುತ್ತಿದ್ದನು. ಇದನ್ನು ಅದೇ ಕಾಲದ ಹಿಂದೀ ಚಿತ್ರದ ತಟ್ಟೆಗಳೊಡನೆ ಹೋಲಿಸಿ ನೋಡಬೇಕು. 1949ರ ‘ಮಹಲ್’ ಚಿತ್ರದಲ್ಲಿ ಲತಾ ಮಂಗೇಶಕರರು ಹಾಡಿದ ಪ್ರಸಿದ್ಧ ಗೀತದ ತಟ್ಟೆಯ ಮೇಲೆ ಮೊದಲು ಅಚ್ಚಾದದ್ದು ‘ಕಾಮಿನಿ’ ಎಂಬ ಪಾತ್ರದ ಹೆಸರು, ಗಾಯಕಿಯದಲ್ಲ. ಫಿಲಂಫೇರ್ ಪತ್ರಿಕೆಯವರು ಹಿನ್ನೆಲೆಗಾಯನಕ್ಕೆ ಪ್ರಶಸ್ತಿ ಕೊಡತೊಡಗಿದ್ದು 1959ರಲ್ಲಿ. ಎಂದಮೇಲೆ ಗಾಯಕನಿಗೆ ಮುಂಬಯಿ ಹಣ ಕೊಟ್ಟಷ್ಟು ಸುಲಭವಾಗಿ ಹೆಸರು ಕೊಡುತ್ತಿರಲಿಲ್ಲ. ಹೆಸರು ಪೂಜೆಯ ತಟ್ಟೆಯಲ್ಲಿತ್ತು.

ಹೇಮಂತರ ಮೊದಲ ಧ್ವನಿಮುದ್ರಿಕೆ 1937ರಲ್ಲಿ ಕೊಲಂಬಿಯಾ ಮುದ್ರೆಯಡಿ ಬಂದಿತು. 1940ರಲ್ಲಿ ಕಮಲ್ ದಾಸಗುಪ್ತರ ಸ್ವರಸಂಯೋಜನೆಯಲ್ಲಿ ಹಿಂದೀ ಹಾಡುಗಳನ್ನೂ ಹಾಡಿದರು, ಇವು ಚಿತ್ರಗೀತಗಳಲ್ಲ. ಹಿಂದಿಗೆ ಹೋಗುವುದೂ ಚಿತ್ರಕ್ಕೆ ಹೋಗುವುದೂ ಒಂದೇ ಎಂದು ಭಾವಿಸುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಸ್ವತಂತ್ರಗೀತದ ಬಲವೇನೆಂಬುದನ್ನು ಸಲಿಲ್ ಚೌಧುರಿಯವರು ಬರೆದು ರಾಗ ಹಾಕಿದ ‘ಗಾಂಯೇರ್ ಬಧೂ’ ತೋರಿಸುತ್ತದೆ. 1940ರ ದಶಕದ ಕೊನೆಯಲ್ಲಿ ಹೇಮಂತರು ಇದನ್ನು ಹಾಡಿದರು. ಆಗಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಈ ಹಾಡು ಎರಡು ಮಗ್ಗುಲನ್ನೂ ತುಂಬಿತು. ಹಳ್ಳಿಯ ಸೊಸೆಯೊಬ್ಬಳ ನೆಮ್ಮದಿಯ ಸಂಸಾರವೂ 1943ರ ಮಹಾಕ್ಷಾಮದಲ್ಲಿ ಅದು ಹಾಳಾದುದೂ ಇದರ ವಸ್ತು. ಹೇಮಂತರಿಗೆ ಶಾಸ್ತ್ರೀಯ ಗಾಯಕರ ಗಮಕವೈಭವವಿಲ್ಲವೆಂಬ ಆಕ್ಷೇಪಣೆ ಉಂಟು. ಈ ಹಾಡಿನಲ್ಲಿ ಅದೇ ಗುಣವಾಗಿದೆ. ಅವರು ಅಳುವುದಿಲ್ಲ, ಹೇಳುತ್ತಾರೆ. ಅಲಂಕಾರವಿಲ್ಲದ ಆ ನಿಡಿದಾದ ಧ್ವನಿ ಕಂಡದ್ದನ್ನು ಕಂಡಂತೆ ಹೇಳುವ ಸಾಕ್ಷಿಯ ಧ್ವನಿಯಾಗುತ್ತದೆ. ಕಥೆಯೊಂದನ್ನು ಆಮೂಲಾಗ್ರವಾಗಿ ತಾನೇ ಹೇಳಿ ಮುಗಿಸುವ ಇಂಥ ಹಾಡಿಗೆ ಚಿತ್ರದ ಕಥೆಯೊಳಗೆ ಎಡೆ ದೊರಕುವುದು ಕಷ್ಟ.

ಮುಂಬಯಿಗೆ ಅವರನ್ನು ಕರೆಸಿದವರು ನಿರ್ದೇಶಕ ಹೇಮೇನ್ ಗುಪ್ತರು. 1952ರ ‘ಆನಂದ ಮಠ’ಕ್ಕೆ ಹೇಮಂತರದೇ ಸಂಗೀತ. 1954ರ ‘ನಾಗಿನ್’ ಚಿತ್ರದಿಂದ ದೇಶವೆಲ್ಲ ಅವರ ಹೆಸರಾಯಿತು. (ಹಾವಾಡಿಗನ ಪುಂಗಿಯೆಂದು ಜನರು ತಲೆದೂಗಿದ ಆ ನಾದ ಕ್ಲೇವಯೋಲಿನ್ ಎಂಬ ವಿದ್ಯುದ್ವಾದ್ಯದ್ದು, ನುಡಿಸಿದವರು ಮುಂದೆ ಸಂಗೀತನಿರ್ದೇಶಕರಾದ ಕಲ್ಯಾಣಜಿ.) ಈ ಯಶಸ್ಸಿನ ಬೆನ್ನಿಗೇ 1955ರಲ್ಲಿ ಬಂಗಾಳಿಯ ‘ಶಾಪಮೋಚನ್’ ಬಂದಿತು, ಅದರ ಹಾಡುಗಳಿಂದ ಅವರು ಉತ್ತಮಕುಮಾರರ ಕಂಠವೆಂದೇ ಮನೆಮಾತಾದರು.

ಎರಡು ಕಡೆಯ ಕೆಲಸ ಬೇರೆ ಬೇರೆ ಕೋಣೆಗಳಲ್ಲಿ ಬೀಗ ಹಾಕಿಕೊಂಡು ಕುಳಿತಿರಲಿಲ್ಲ. 1959ರ ‘ದೀಪ್ ಜ್ವೇಲೆ ಜಾಯ್’ ಚಿತ್ರದಲ್ಲಿ ಅವರು ಹಾಡಿದ ರಾತ್ರಿಗೀತದ ಧಾಟಿಯೇ 1964ರ ಹಿಂದೀ ‘ಕೊಹ್ರಾ’ದಲ್ಲಿ ಮತ್ತೆ ಬಂದಿತು; ಎರಡನ್ನೂ ಹಾಡಿದವರು ಅವರೇ. ಹಿಂದೀ ರೂಪ ಹೆಚ್ಚು ಪ್ರಸಿದ್ಧ. ಆದರೂ ಬಂಗಾಳಿಯದೇ ಮೇಲೆಂಬುದು ನಮ್ಮ ಮತ. ಹಿಂದಿಯ ಸಾಹಿತ್ಯದಲ್ಲಿ ಜೋಡಿಪದಗಳು ಅಡಿಗಡಿಗೂ ಬಂದು ಧಾಟಿಯ ನೀಳವಾದ ಉಸಿರನ್ನು ಚೂರುಮಾಡುತ್ತವೆ. ಬಂಗಾಳಿಯಲ್ಲಿ ವಾಕ್ಯವೂ ಸ್ವರವೂ ಒಟ್ಟಿಗೆ ಕೊನೆಗಾಣುತ್ತವೆ.

ಸ್ವತಂತ್ರಗೀತವೆಂದರೆ ಸರ್ವಸ್ವಾತಂತ್ರ್ಯವೆಂದು ತಿಳಿಯಬಾರದು. ಹೇಮಂತರು ಕೊನೆಯವರೆಗೂ ಹಾಡಿದ ರವೀಂದ್ರಸಂಗೀತಕ್ಕೆ ವಿಶ್ವಭಾರತಿಯ ಸಂಗೀತಮಂಡಲಿಯ ಒಪ್ಪಿಗೆ ಬೇಕಾಗಿತ್ತು. ಈ ಹತೋಟಿ 2001ರವರೆಗೂ ಉಳಿಯಿತು. ಅವರ ಸಮಕಾಲೀನರಾದ ದೇವವ್ರತ ವಿಶ್ವಾಸರು ಮಂಡಲಿಯ ಆಕ್ಷೇಪಣೆಗಳಿಂದ ಬೇಸತ್ತು ರವೀಂದ್ರಗೀತಗಳ ಧ್ವನಿಮುದ್ರಣವನ್ನೇ ನಿಲ್ಲಿಸಿದರು. ಚಿತ್ರದ ನಿರ್ಮಾಪಕನ ಕಾಟ ಒಂದು ಬಗೆ, ಪರಂಪರೆಯ ಕಾವಲುಗಾರನ ಕಾಟ ಇನ್ನೊಂದು ಬಗೆ.

ಈ ದೃಷ್ಟಿಯಿಂದ ಕನ್ನಡದ ಕಡೆ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ನಮ್ಮಲ್ಲಿ ಕವಿಗಳಿಗೆ ಕೊರತೆ ಇರಲಿಲ್ಲ, ಪಿ. ಕಾಳಿಂಗರಾಯರಂಥ (1914-1981) ಕಂಠಕ್ಕೂ ಕೊರತೆ ಇರಲಿಲ್ಲ. ಕನ್ನಡ ಚಿತ್ರಗೀತಗಳು ಬಹುಕಾಲ ಮದರಾಸಿನಲ್ಲಿ ಸಿದ್ಧವಾಗುತ್ತಿದ್ದುದರಿಂದ ನಮ್ಮ ಗಾಯಕನನ್ನು ಸೆಳೆದ ದೊಡ್ಡ ಪಟ್ಟಣ ಮುಂಬಯಿಗಿಂತ ಹೆಚ್ಚಾಗಿ ಅದೇ. ಇಲ್ಲದಿದ್ದುದು ವರ್ಷಕ್ಕೊಮ್ಮೆ ತಪ್ಪದೆ ಹೊಸ ಹಾಡನ್ನು ಕೇಳುವ, ಅದಕ್ಕೆ ಬೆಲೆ ಕೊಡುವ ಪೂಜಾಕಾಲದಂಥ ಪೇಟೆ. ನಮ್ಮ ದಸರೆಯೂ ಅದೇ ಋತುವಿನದು. ಆದರೆ ಅದಕ್ಕೆ ಹಾಡಿನ ತಟ್ಟೆಯ ನಂಟು ಬೆಳೆಯಲಿಲ್ಲ. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದಮೇಲೆಯೇ ಭಾವಗೀತ ಮನೆಮನೆಯಲ್ಲಿ ಕೊಳ್ಳುವ ವಸ್ತುವಾಯಿತು. ಶಿವಮೊಗ್ಗ ಸುಬ್ಬಣ್ಣನವರು ‘ಕಾಡು ಕುದುರೆ’ಯ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು, ಕವಿಗಳ ಗೀತಗಳನ್ನು ಬಾಳಿನುದ್ದಕ್ಕೂ ಹಾಡಿದರು. ಹೇಮಂತರ ಬೆನ್ನಿಗೆ ಪೂಜೆಯ ತಟ್ಟೆ ಇದ್ದಂತೆ ಸುಬ್ಬಣ್ಣನವರ ಬೆನ್ನಿಗೆ ಇದ್ದುದು ವಕೀಲಿ.