ಅಂಕಕ್ಕೆ ಸಿಗದ ಹುಳಿ

ಕೆನಡಾದ ವೈನ್ ಎಂದರೆ ಐಸ್‌ವೈನ್, ಕೆನಡಾದ ಕ್ರಾಫ್ಟ್ ಬಿಯರ್ ಎಂದರೆ ಕ್ವಿಬೆಕ್‌ನ ಗಟ್ಟಿ ಬಿಯರ್ ಎಂಬ ಎರಡು ಮಾತುಗಳು ದಶಕಗಳಿಂದ ಹೆಚ್ಚಿನ ತಕರಾರಿಲ್ಲದೆ ಚಲಾವಣೆಯಲ್ಲಿವೆ. ಮೊದಲನೆಯದು ಹುಟ್ಟಿದ್ದು ಯಾವಾಗ ಎಂದು ಖಚಿತವಾಗಿ ಹೇಳಬಹುದು. ನಯಾಗರದ ಇನ್ನಿಸ್ಕಿಲಿನ್ ವೈನರಿಯ 1989ರ ವಿಡಾಲ್ ಐಸ್‌ವೈನ್ 1991ರ ವಿನೆಕ್ಸ್‌ಪೊ ವೈನ್ ಮೇಳದಲ್ಲಿ, ಅದೂ ಫ್ರಾನ್ಸಿನ ಬೋರ್ಡೋದ ಅಂಗಳದಲ್ಲೇ, ಅತ್ಯುನ್ನತ ಪ್ರಶಸ್ತಿ ಪಡೆಯಿತು. ಎರಡನೆಯದು ನಿಧಾನವಾಗಿ ಬೆಳೆದದ್ದು. ಶಾಂಬ್ಲಿಯ ಯೂನಿಬ್ರೂ 1994ರಲ್ಲಿ ಹೊರತಂದ ಶೇ. 9 ಆಲ್ಕೋಹಾಲಿನ 'ಲಾ ಫ್ಯಾನ್ ದ್ಯು ಮೋಂದ್', ಆಮೇಲೆ ಮಾಂಟ್ರಿಯಲ್‌ನ ದ್ಯೂ ದ್ಯು ಸಿಯೆಲ್ ಬ್ರೂವರಿಯ ಕಾಫಿ ಬೆರೆಸಿದ 'ಪೆಶೆ ಮೊರ್ತೆಲ್' ಆ ಹೆಸರನ್ನು ಕಟ್ಟಿಕೊಟ್ಟವು. ಇವು ಒಳ್ಳೆಯ ಪಾನೀಯಗಳು. ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಇವುಗಳ ಗುಣದ ಬಗ್ಗೆ ಅಲ್ಲ, ಇವುಗಳನ್ನು ಮೇಲಕ್ಕೇರಿಸಿದ ಅಳತೆಗೋಲಿನ ಬಗ್ಗೆ. ಒಂದು ಗುಟುಕು ಬಾಯಿಗೆ ಹಾಕಿ, ಉಗಿದು, ಒಂದು ಅಂಕಿ ಬರೆಯುವ ಪದ್ಧತಿ ಯಾವುದನ್ನು ಮೆಚ್ಚಲು ಶಕ್ತವೋ ಅದನ್ನೇ ಕೆನಡಾದ ಶ್ರೇಷ್ಠತೆ ಎಂದು ನಾವು ಒಪ್ಪಿಕೊಂಡಿದ್ದೇವೆ. ಆ ನೆಲ, ಆ ಚಳಿ ನಿಜವಾಗಿ ಕೊಡುವ ಗುಣವೆಂದರೆ ಹುಳಿ, ಹಗುರ ಮತ್ತು ಬಿಗಿ. ಆ ಪದ್ಧತಿಯ ಕೈಗೆ ಅದು ಸಿಕ್ಕೇ ಇಲ್ಲ.

ಅಂಕಗಳ ಚರಿತ್ರೆ ಎಲ್ಲರಿಗೂ ಗೊತ್ತಿರುವಂಥದ್ದೇ. ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ 1978ರಲ್ಲಿ ಆರಂಭಿಸಿದ ಪತ್ರಿಕೆಯಿಂದ ನೂರರ ಲೆಕ್ಕ ಜಗತ್ತಿಗೆಲ್ಲ ಹಬ್ಬಿತು. ಅದು ಹೆಸರಿಗೆ ನೂರು, ಶುರುವಾಗುವುದು ಐವತ್ತರಿಂದ, ವ್ಯವಹಾರವೆಲ್ಲ ನಡೆಯುವುದು ಎಂಬತ್ತೈದರಿಂದ ತೊಂಬತ್ತೈದರ ನಡುವಿನ ಇಕ್ಕಟ್ಟಿನಲ್ಲಿ. ನಯಾಗರ ಇರುವ ಆಂಟಾರಿಯೊ ಪ್ರಾಂತ್ಯದಲ್ಲಿ ಇದಕ್ಕೆ ಇನ್ನೊಂದು ಬಲ ಸೇರಿಕೊಂಡಿತು. ಅಲ್ಲಿನ ಮದ್ಯ ವ್ಯಾಪಾರದ ದೊಡ್ಡ ಪಾಲು 1927ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಎಲ್‌ಸಿಬಿಒ ಕೈಯಲ್ಲಿದೆ. ಅದರ 'ವಿಂಟೇಜಸ್' ವಿಭಾಗದ ಪಟ್ಟಿಯಲ್ಲಿ ಬಾಟಲಿಯ ಹೆಸರಿನ ಪಕ್ಕದಲ್ಲೇ ವಿಮರ್ಶಕರ ಅಂಕ ಅಚ್ಚಾಗುತ್ತದೆ. ಖಾಸಗಿ ಅಭಿಪ್ರಾಯವೊಂದು ಹೀಗೆ ಸರ್ಕಾರಿ ಕಪಾಟಿನ ಅಧಿಕೃತ ಮಾಹಿತಿಯಾಗಿ ಬಡ್ತಿ ಪಡೆದಾಗ, ಎಂಬತ್ತೆಂಟಕ್ಕೂ ತೊಂಬತ್ತೊಂದಕ್ಕೂ ನಡುವಿನ ಅಂತರ ಸಣ್ಣ ತೋಟದವರ ವರ್ಷದ ದುಡಿಮೆಯ ಪ್ರಶ್ನೆಯಾಗಿಬಿಡುತ್ತದೆ.

ಈಗ ಆ ಗುಟುಕನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ರುಚಿ ನೋಡುವ ಮೇಜಿನ ಮೇಲೆ ಗ್ಲಾಸುಗಳ ಸಾಲು, ಪ್ರತಿಯೊಂದರಲ್ಲೂ ತಳ ಮುಚ್ಚುವಷ್ಟು ವೈನ್. ಬಣ್ಣ ನೋಡಿ, ಮೂಸಿ, ಬಾಯಲ್ಲಿ ಹೊರಳಿಸಿ, ಉಗಿದು, ಗೀಚಿ, ಮುಂದಿನದಕ್ಕೆ ಹೋಗಬೇಕು. ಇಷ್ಟಕ್ಕೆ ಸಿಗುವುದು ಒಂದೆರಡು ನಿಮಿಷ. ಆ ಹೊತ್ತಿನಲ್ಲಿ ನಾಲಿಗೆ ಮಾಡುವ ಕೆಲಸಕ್ಕೆ ಅದರದೇ ಒಲವುಗಳಿವೆ. ಸಕ್ಕರೆ ಹುಳಿಯ ಅರಿವನ್ನು ತಗ್ಗಿಸುತ್ತದೆ. ಆಲ್ಕೋಹಾಲು ಬಾಯಿ ತುಂಬಿದ ಭಾವ ಕೊಡುತ್ತದೆ, ಜೊತೆಗೆ ತುಸು ಸಿಹಿಯ ಭ್ರಮೆಯನ್ನೂ ತರುತ್ತದೆ. ಹುರಿದ ಮಾಲ್ಟು, ಕಾಫಿ, ಓಕ್ ಪೀಪಾಯಿಯ ವೆನಿಲಾ ಘಮ ಮೊದಲ ಕ್ಷಣದಲ್ಲೇ ಮೂಗಿಗೆ ದಕ್ಕುತ್ತವೆ. ಹುಳಿಯ ಕೆಲಸವೇ ಬೇರೆ. ಜೊಲ್ಲು ಒಸರಿಸಿ ಬಾಯಿಯನ್ನು ಮುಂದಿನ ತುತ್ತಿಗೆ ಸಿದ್ಧಮಾಡುವುದು, ಜಿಡ್ಡನ್ನೂ ಉಪ್ಪನ್ನೂ ಕಡಿದು ಹಾಕುವುದು ಅದರ ಗುಣ. ಮುಂದಿನ ತುತ್ತೇ ಇಲ್ಲದ ಮೇಜಿನಲ್ಲಿ ಆ ಗುಣಕ್ಕೆ ಮಾಡಲು ಕೆಲಸವಿಲ್ಲ. ಅದು ಬರೀ ಚುರುಕ್ಕೆನ್ನಿಸಿ ಸುಮ್ಮನಾಗುತ್ತದೆ. ಮೈನಸ್ 8 ಡಿಗ್ರಿಯಲ್ಲಿ ಬಳ್ಳಿಯ ಮೇಲೇ ಹೆಪ್ಪುಗಟ್ಟಿದ ಹಣ್ಣನ್ನು ಕಿತ್ತು ಹಿಂಡಿ, ರಸದ ಸಕ್ಕರೆ 35 ಬ್ರಿಕ್ಸ್ ಮುಟ್ಟಿದ ಮೇಲೆ ಮಾಡುವ ಐಸ್‌ವೈನ್ ಇಂಥ ಪರೀಕ್ಷೆಗೆ ಹೇಳಿಮಾಡಿಸಿದ ಪದಾರ್ಥ. ಮನೆಯಲ್ಲಾದರೂ ಅದನ್ನು ಯಾರೂ ಒಂದೆರಡು ಗುಟುಕಿಗಿಂತ ಹೆಚ್ಚು ಕುಡಿಯುವುದಿಲ್ಲ, ಹಾಗಾಗಿ ಪರೀಕ್ಷೆಯ ಗುಟುಕೂ ಮನೆಯ ಗುಟುಕೂ ಒಂದೇ ಅಳತೆಯವು. ರೀಸ್ಲಿಂಗ್ ದ್ರಾಕ್ಷಿಯಿಂದ ಮಾಡಿದ ನಯಾಗರದ ಒಣ, ಅಂದರೆ ಸಿಹಿ ಉಳಿಯದ, ವೈನಿನದು ಬೇರೆ ಕಥೆ. ಊಟದ ಜೊತೆ ಅರ್ಧ ಬಾಟಲಿ ಖಾಲಿಯಾದ ಮೇಲೆ, ಗ್ಲಾಸು ಸ್ವಲ್ಪ ಬೆಚ್ಚಗಾದ ಮೇಲೆ, ನಿಂಬೆಸಿಪ್ಪೆಯ ಕಹಿಯ ಹಿಂದೆ ಅಡಗಿದ್ದ ಹಣ್ಣು ಮುಂದೆ ಬರುತ್ತದೆ. ಅಷ್ಟು ಹೊತ್ತಿಗೆ ಪರೀಕ್ಷಕರು ಎಷ್ಟೋ ಗ್ಲಾಸು ದಾಟಿ ಹೋಗಿರುತ್ತಾರೆ. ಹಬ್ಬದೂಟದ ಎಲೆಯಿಂದ ಒಂದೊಂದು ಚಮಚ ಎತ್ತಿ ಅಂಕ ಕೊಡುತ್ತ ಹೋದರೆ ಒಬ್ಬಟ್ಟು ಪ್ರತಿಸಲವೂ ಗೆಲ್ಲುತ್ತದೆ, ತಿಳಿಸಾರು ಪ್ರತಿಸಲವೂ ಸೋಲುತ್ತದೆ; ಆದರೆ ಊಟವನ್ನು ಹಿಡಿದು ನಿಲ್ಲಿಸಿದ್ದು ಸಾರು.

ಪರೀಕ್ಷಕರಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಸತ್ಯವೂ ಇದೆ. ಕೆನಡಾದ ರಾಷ್ಟ್ರೀಯ ವೈನ್ ಸ್ಪರ್ಧೆಯಲ್ಲಿ ಲೇಬಲ್ ಮರೆಮಾಡಿ, ದ್ರಾಕ್ಷಿಯ ಜಾತಿವಾರು ವಿಂಗಡಿಸಿ ರುಚಿ ನೋಡುತ್ತಾರೆ. ರೀಸ್ಲಿಂಗ್ ರೀಸ್ಲಿಂಗ್‌ನೊಡನೆಯೇ ಸೆಣಸುತ್ತದೆ, ಸಿರಾ ಎಂಬ ಕೆಂಪು ವೈನಿನೊಡನೆ ಅಲ್ಲ. ಆದರೆ ವಿಂಗಡಣೆಯಿಂದ ಪಕ್ಷಪಾತ ಜಾತಿಯ ಹೊರಗಿನಿಂದ ಒಳಕ್ಕೆ ಸರಿಯುತ್ತದೆ, ಅಷ್ಟೆ. ರೀಸ್ಲಿಂಗ್‌ಗಳ ಸಾಲಿನಲ್ಲೂ ಚೂರು ಸಕ್ಕರೆ ಉಳಿಸಿಕೊಂಡದ್ದು, ತುಸು ಮೈತುಂಬಿದ್ದು ಮೊದಲು ಕಣ್ಣಿಗೆ ಬೀಳುತ್ತದೆ. ಬಿಯರ್ ಲೋಕದಲ್ಲಿ ಇದಕ್ಕೆ ಒಳ್ಳೆಯ ಸಾಕ್ಷ್ಯವಿದೆ. 2000ದಲ್ಲಿ ಹುಟ್ಟಿ 2025ರಲ್ಲಿ ಬಾಗಿಲು ಹಾಕಿದ ರೇಟ್‌ಬಿಯರ್ ಎಂಬ ಜಾಲತಾಣ ಪ್ರತಿ ಬಿಯರಿಗೂ ಎರಡೆರಡು ಅಂಕ ತೋರಿಸುತ್ತಿತ್ತು. ಒಂದು ಎಲ್ಲ ಬಿಯರುಗಳ ನಡುವೆ ಅದರ ಸ್ಥಾನ, ಇನ್ನೊಂದು ಅದರದೇ ಶೈಲಿಯೊಳಗಿನ ಸ್ಥಾನ. ಗಟ್ಟಿ ಕಪ್ಪು ಬಿಯರಾದ ಇಂಪೀರಿಯಲ್ ಸ್ಟೌಟ್‌ಗೆ ಎರಡೂ ಎತ್ತರದಲ್ಲೇ ಇರುತ್ತಿದ್ದವು. ಚೆನ್ನಾಗಿ ಮಾಡಿದ ತೆಳು ಲಾಗರ್‌ಗೆ ಎರಡರ ನಡುವೆ ಕಂದಕ. ಒಂದೇ ಅಂಕ ಸಾಲದು ಎಂದು ವ್ಯವಸ್ಥೆಯೇ ಬರೆದುಕೊಟ್ಟ ತಪ್ಪೊಪ್ಪಿಗೆ ಎಂದೇ ನಾನಿದನ್ನು ಓದುತ್ತೇನೆ. ತನ್ನ ಶೈಲಿಯಲ್ಲಿ ಮೇಲ್ಪಂಕ್ತಿಗೆ ಸೇರಿದ ಬಿಯರು ಒಟ್ಟು ಪಟ್ಟಿಯಲ್ಲಿ ಮಧ್ಯಮವಾಗುವುದಾದರೆ, ಒಟ್ಟು ಪಟ್ಟಿ ಅಳೆಯುತ್ತಿರುವುದು ಕುಶಲತೆಯನ್ನಂತೂ ಅಲ್ಲ. ಒಟ್ಟಾವಾ ಮತ್ತು ಮಾಂಟ್ರಿಯಲ್ ನಡುವಿನ ವ್ಯಾಂಕ್ಲೀಕ್ ಹಿಲ್ ಎಂಬ ಊರಿನಲ್ಲಿ ಬೋಸ್ ಬ್ರೂವರಿ ರೂಪಿಸಿದ 'ಲಗ್ ಟ್ರೆಡ್' ಇಂಥ ಅನ್ಯಾಯಕ್ಕೆ ಈಡಾದ ಬಿಯರ್. ಏಲ್ ಯೀಸ್ಟಿನಿಂದ ಹುದುಗಿಸಿ, ಲಾಗರಿನಂತೆ ತಣ್ಣಗೆ ಮಲಗಿಸಿ ಹದಗೊಳಿಸಿದ್ದು, ಶೇ. 5.2 ಆಲ್ಕೋಹಾಲು. ತೊಟ್ಟು ಹಣ್ಣಿನ ಛಾಯೆ, ಹಸಿ ರೊಟ್ಟಿಹಿಟ್ಟಿನಂಥ ಮಾಲ್ಟು, ಕೊನೆಯಲ್ಲಿ ಒಣಗಿ ನಿಲ್ಲುವ ಕಹಿ. ಇದರಲ್ಲಿ ತಪ್ಪು ಬಚ್ಚಿಡಲು ಜಾಗವಿಲ್ಲ; ಕಾಫಿ ಬೆರೆಸಿ ಮುಚ್ಚುವಂತಿಲ್ಲ, ಹಾಪ್ಸ್ ಸುರಿದು ಮರೆಸುವಂತಿಲ್ಲ. ಮಾಡುವವರಿಗೆ ಇದು ಸ್ಟೌಟ್‌ಗಿಂತ ಕಠಿಣ. ಅಂಕಪಟ್ಟಿಯಲ್ಲಿ ಮಾತ್ರ ಇಂಥದಕ್ಕೆ ಸಿಗುವ ವಿಶೇಷಣ 'ಸರಳ', ಆಮೇಲೆ 'ತೆಳು'. ಮನೆಯಲ್ಲಿ ಬಿಯರ್ ಮಾಡುವವರ ಸ್ಪರ್ಧೆಗಳಲ್ಲಿ ಬಳಸುವ ಬಿಜೆಸಿಪಿ ಅಂಕಹಾಳೆಯನ್ನೂ ನೋಡಿ. ಐವತ್ತರಲ್ಲಿ ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಭಾವಕ್ಕೆ 5, ಒಟ್ಟು ಅನಿಸಿಕೆಗೆ 10. ಎರಡನೇ ಗ್ಲಾಸು ಬೇಕೆನಿಸಿತೇ ಎಂಬ ಪ್ರಶ್ನೆಗೆ ಕೊನೆಯ ಆ ಹತ್ತು ಅಂಕದೊಳಗೆ, ಅದೂ ಕೇಳಿದರೆ ಮಾತ್ರ, ಜಾಗ.

ಅಂಕ ಬರೀ ಸಲಹೆಯಾಗಿ ಉಳಿದಿದ್ದರೆ ಇಷ್ಟು ಕಳವಳ ಪಡಬೇಕಿರಲಿಲ್ಲ. ಆಂಟಾರಿಯೊದಲ್ಲಿ ಅದು ಕಾನೂನಿನ ಬಾಗಿಲು ಕಾಯುತ್ತದೆ. 1988ರಲ್ಲಿ ಬೆಳೆಗಾರರೂ ವೈನರಿಗಳೂ ಸ್ವಯಂಪ್ರೇರಿತರಾಗಿ ಕಟ್ಟಿಕೊಂಡ ವಿಕ್ಯೂಎ ಎಂಬ ಗುಣಮಟ್ಟದ ಒಕ್ಕೂಟಕ್ಕೆ 1999ರ ಕಾಯಿದೆ ಅಧಿಕಾರ ಕೊಟ್ಟಿತು. ಕಲಬೆರಕೆಯ, ಹೊರಗಿನ ರಸ ಬೆರೆಸಿದ ವೈನುಗಳಿಂದ ನಯಾಗರದ ಹೆಸರನ್ನು ಉಳಿಸಿದ್ದು ಈ ವ್ಯವಸ್ಥೆಯೇ, ಆ ಋಣವನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಅದರ ರುಚಿಮಂಡಳಿ ದೋಷ ಹಿಡಿಯುವುದರ ಜೊತೆಗೆ, ಈ ವೈನ್ ತನ್ನ ಜಾತಿಯಂತೆ ಇದೆಯೇ ಎಂದೂ ತೀರ್ಪು ಕೊಡುತ್ತ ಬಂತು. ಜಾತಿಯಂತೆ ಎಂದರೆ ಈವರೆಗೆ ಕಂಡದ್ದರಂತೆ. ನಯಾಗರದ ಜೋರ್ಡನ್ ಎಂಬ ಊರಿನ ಪರ್ಲ್ ಮೊರಿಸೆಟ್ ವೈನರಿ ತನ್ನ ರೀಸ್ಲಿಂಗನ್ನು ಕಾಡು ಯೀಸ್ಟಿನಲ್ಲಿ, ಹಳೆಯ ಮರದ ಪೀಪಾಯಿಗಳಲ್ಲಿ, ಪೂರ್ತಿ ಒಣಗುವವರೆಗೆ ಹುದುಗಿಸಿ ಕಳಿಸಿದಾಗ ಮಂಡಳಿ ತಿರಸ್ಕರಿಸಿತು. ತಿರಸ್ಕಾರವೆಂದರೆ ನಯಾಗರದ ನೆಲದಲ್ಲೇ ಬೆಳೆದ ಹಣ್ಣಿನ ವೈನ್ ಮೇಲೆ ನಯಾಗರ ಎಂದು ಬರೆಯುವ ಹಕ್ಕು ಕಳೆದುಕೊಳ್ಳುವುದು. ವೈನರಿಯವರು ಅದಕ್ಕೆ 'ಕ್ಯೂವೆ ಬ್ಲ್ಯಾಕ್‌ಬಾಲ್', ಅಂದರೆ ಬಹಿಷ್ಕೃತ ವೈನ್, ಎಂದು ಹೆಸರಿಟ್ಟು ಮಾರಿದರು, ಮುಂದೆ ಅದೇ ಬಾಟಲಿಯನ್ನು ಜನ ಹುಡುಕಿಕೊಂಡು ಹೋದರು. ಮಂಡಳಿಯವರು ಅಪ್ರಾಮಾಣಿಕರು ಎಂದು ನಾನು ಹೇಳುತ್ತಿಲ್ಲ. ಒಂದು ಗುಟುಕಿನ ಪರೀಕ್ಷೆ ಪರಿಚಿತವನ್ನು ಗುರುತಿಸುತ್ತದೆ, ಅಪರಿಚಿತವನ್ನು ದೋಷವೆಂದು ಓದುತ್ತದೆ. ದ್ರಾಕ್ಷಿಯ ಚರಿತ್ರೆ ಇನ್ನೂ ಎಳೆಯದಾಗಿರುವ ನಾಡಿನಲ್ಲಿ 'ಇಲ್ಲಿನ ರೀಸ್ಲಿಂಗ್ ಹೀಗೇ ಇರಬೇಕು' ಎಂಬ ತೀರ್ಮಾನ ಇಷ್ಟು ಬೇಗ ಬಂದದ್ದು ನಷ್ಟದ ಬಾಬತ್ತು.

ಇಲ್ಲಿಗೆ ಬಂದಾಗ ಇನ್ನೊಂದು ಗುಂಪಿನ ವಿಮರ್ಶಕರು ಖುಷಿಯಿಂದ ತಲೆದೂಗುತ್ತಾರೆ, ಅವರೊಡನೆ ನನ್ನ ಜಗಳ ಅಂಕಪ್ರಿಯರೊಡನೆ ಇರುವುದಕ್ಕಿಂತ ದೊಡ್ಡದು. ರುಚಿ ನೋಡುವುದೇ ಬೂಟಾಟಿಕೆ ಎಂಬುದು ಇವರ ನಿಲುವು. ಇವರ ಕೈಯಲ್ಲಿ ಎರಡು ಅಸ್ತ್ರಗಳಿವೆ. ಒಂದು, ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ. ಕ್ಯಾಲಿಫೋರ್ನಿಯಾದ ಸ್ಪರ್ಧೆಯೊಂದರಲ್ಲಿ ಒಂದೇ ಬಾಟಲಿಯ ವೈನನ್ನು ಗೊತ್ತಾಗದಂತೆ ಮೂರು ಸಲ ಕೊಟ್ಟಾಗ, ತೀರ್ಪುಗಾರರು ಕೊಟ್ಟ ಅಂಕ ಸಾಮಾನ್ಯವಾಗಿ ನಾಲ್ಕು ಮೇಲೆ, ನಾಲ್ಕು ಕೆಳಗೆ ಜೋಲಿ ಹೊಡೆಯಿತು. ಹತ್ತರಲ್ಲಿ ಸುಮಾರು ಒಬ್ಬರು ಮಾತ್ರ ಒಂದೇ ಪದಕದ ಮಟ್ಟದಲ್ಲಿ ನಿಂತರು. ಇನ್ನೊಂದು, 2001ರ ಬೋರ್ಡೋ ಪ್ರಯೋಗ. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟಾಗ 54 ಮಂದಿ ವಿದ್ಯಾರ್ಥಿಗಳ ಗುಂಪು ಕೆಂಪು ವೈನಿನ ಮಾತುಗಳಲ್ಲೇ ಅದನ್ನು ಬಣ್ಣಿಸಿತು. ಎರಡೂ ಗಟ್ಟಿ ಪುರಾವೆಗಳು. ಆದರೆ ಇವು ರುಜುವಾತು ಮಾಡುವುದು ಏನನ್ನು? ಹಾಡ್ಜ್‌ಸನ್ ತೋರಿಸಿದ್ದು, ದೀರ್ಘ ಸಾಲಿನಲ್ಲಿ ಅವಸರದಿಂದ ಕೊಟ್ಟ ಅಂಕಿ ಅಸ್ಥಿರ ಎಂದು. ಎಂಬತ್ತೆಂಟೂ ತೊಂಬತ್ತೊಂದೂ ಒಂದೇ ಗ್ಲಾಸಿಗೆ ಬರಬಹುದಾದ ಅಂಕಗಳು ಎಂದಾದರೆ, ಕಪಾಟಿನ ಮೇಲಿನ ಆ ಅಂತರಕ್ಕೆ ಆಧಾರವಿಲ್ಲ. ಇದು ಅಂಕಿಯ ಸೋಲು, ನಾಲಿಗೆಯ ಸೋಲಲ್ಲ. ಬೋರ್ಡೋ ಪ್ರಯೋಗ ತೋರಿಸಿದ್ದು, ಕಣ್ಣು ಮೂಗಿಗಿಂತ ಮೊದಲು ಮಾತಾಡುತ್ತದೆ ಎಂದು. ಕಣ್ಣಿಗೆ ಮೋಸ ಮಾಡಿದಾಗ ಯಾವ ಇಂದ್ರಿಯಜ್ಞಾನವಾದರೂ ತಡವರಿಸುತ್ತದೆ. ಕೆಟ್ಟ ಕಾರ್ಕಿನ ಮುಗ್ಗಲು ವಾಸನೆ, ಹುದುಗು ಪೂರ್ತಿಯಾಗದ ಬಿಯರಿನ ಬೆಣ್ಣೆಯ ಜಿಡ್ಡುವಾಸನೆ, ಬ್ರೆಟನೊಮೈಸಿಸ್ ಎಂಬ ಯೀಸ್ಟು ತರುವ ಕೊಟ್ಟಿಗೆಯ ಕಮಟು, ಇವನ್ನು ಪಳಗಿದವರು ದಿನವೂ ಹಿಡಿಯುತ್ತಾರೆ. ಪ್ರಯೋಗಾಲಯ ಆಮೇಲೆ ಅದನ್ನೇ ದೃಢಪಡಿಸುತ್ತದೆ. ಹುಳಿ ಎಲ್ಲಿ ನಿಲ್ಲುತ್ತದೆ, ಒಗರು ನಾಲಿಗೆಯ ಯಾವ ಭಾಗವನ್ನು ಹಿಡಿಯುತ್ತದೆ ಎಂದು ಹೇಳಬಲ್ಲ ಜ್ಞಾನ ನಿಜವಾದದ್ದು, ವರ್ಷಗಟ್ಟಲೆ ಕಲಿತದ್ದು. ಅದನ್ನು ಎರಡಂಕಿಯೊಳಗೆ ತುರುಕಿದವರೂ ಅದನ್ನು ಸುಳ್ಳೆಂದು ನಗುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಇಬ್ಬರೂ ಅಂಕಿಯನ್ನೇ ಜ್ಞಾನವೆಂದು ನಂಬಿದ್ದಾರೆ. ಒಬ್ಬರು ಪೂಜಿಸಲು, ಇನ್ನೊಬ್ಬರು ಒಡೆಯಲು. ಎರಡನೆಯವರಿಂದ ಆಗುವ ಹಾನಿ ಹೆಚ್ಚು ಎಂದೇ ನನ್ನ ಅಭಿಪ್ರಾಯ, ಯಾಕೆಂದರೆ ಅವರ ಮಾತು ಗೆದ್ದರೆ ಉಳಿಯುವುದು ಬೆಲೆ ಮತ್ತು ಜಾಹೀರಾತು ಮಾತ್ರ. ಸಣ್ಣ ತೋಟದ ರೀಸ್ಲಿಂಗಿಗೆ ಆ ಎರಡರಲ್ಲೂ ಬಲವಿಲ್ಲ.

ತಜ್ಞರು ಬೇಡ, ಜನರ ಸರಾಸರಿ ಸಾಕು ಎನ್ನುವವರಿಗೂ ಒಂದು ಮಾತು. 2010ರಲ್ಲಿ ಬಂದ ಅನ್‌ಟ್ಯಾಪ್ಡ್‌ನಂಥ ಆ್ಯಪ್‌ನಲ್ಲಿ ಯಾರು ಬೇಕಾದರೂ ಐದಕ್ಕೆ ಅಂಕ ಕೊಡಬಹುದು. ಇದು ಪ್ರಜಾಸತ್ತೆಯಂತೆ ಕಾಣುತ್ತದೆ. ಆದರೆ ದಿನವೂ ಪಿಲ್ಸ್‌ನರ್ ಕುಡಿಯುವವರು ಅದಕ್ಕೆ ಅಂಕ ಹಾಕಲು ಫೋನು ತೆಗೆಯುವುದು ಅಪರೂಪ. ಸಿಗದ ಬಿಯರನ್ನು ಹುಡುಕಿ, ಸರದಿಯಲ್ಲಿ ನಿಂತು, ಕೊನೆಗೂ ಪಡೆದವರು ಹಾಕುತ್ತಾರೆ. ಸರಾಸರಿಯೊಳಗೆ ಆ ಹುಡುಕಾಟದ ಸಂತೋಷವೂ ಸೇರಿಕೊಂಡಿರುತ್ತದೆ. ಅಂಗಡಿಯಲ್ಲಿ ನಿಂತವರಿಗೆ ಏನಾದರೊಂದು ದಾರಿ ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಣದೋ ಸಿಹಿಯೋ, ಹುಳಿ ಎಷ್ಟು, ಯಾವ ಊಟಕ್ಕೆ, ಈಗ ತೆರೆಯಬೇಕೋ ಇಡಬೇಕೋ: ಇಷ್ಟನ್ನು ಎರಡು ಸಾಲಿನಲ್ಲಿ ಬರೆದರೆ ಕಪಾಟಿನ ಚೀಟಿಯಲ್ಲಿ ಜಾಗ ಸಾಲದೇ?

ಬೇರೆ ದಾರಿ ಸಾಧ್ಯ ಎಂಬುದಕ್ಕೆ ಕೆನಡಾದಲ್ಲೇ ಉದಾಹರಣೆಯಿದೆ, ಅದನ್ನು ನೋಡಬೇಕಾದವರು ನೋಡಿಲ್ಲ. ನೋವಾ ಸ್ಕೋಷಿಯಾದ ವೈನರಿಗಳು 2012ರಲ್ಲಿ 'ಟೈಡಲ್ ಬೇ' ಎಂಬ ಹೆಸರನ್ನು ಹೊರತಂದವು. ಲಕಾಡಿ ಬ್ಲಾಂಕ್, ಸೇವಲ್, ವಿಡಾಲ್‌ನಂಥ ಚಳಿ ತಡೆಯುವ ಹಣ್ಣುಗಳ ಮಿಶ್ರಣ, ಪೂರ್ತಿ ಆ ಪ್ರಾಂತ್ಯದ್ದೇ ದ್ರಾಕ್ಷಿ, ಆಲ್ಕೋಹಾಲು ಶೇ. 11 ಮೀರುವಂತಿಲ್ಲ. ಅಲ್ಲೂ ಮಂಡಳಿ ಕುರುಡಾಗಿ ರುಚಿ ನೋಡುತ್ತದೆ. ಆದರೆ ಅದು ಹುಡುಕುವುದು ಹಗುರವನ್ನು, ತಾಜಾತನವನ್ನು, ಕಡಲತೀರದ ಮೀನು ಸಿಂಪಿಗಳ ಪಕ್ಕದಲ್ಲಿ ನಿಲ್ಲುವ ಹುಳಿಯನ್ನು. ಊಟವನ್ನು ಮುಂದಿಟ್ಟುಕೊಂಡು ಅಳತೆಗೋಲು ಮಾಡಿದ್ದಾರೆ, ಅಳತೆಗೋಲಿಗೆ ತಕ್ಕಂತೆ ವೈನ್ ಮಾಡಿಲ್ಲ. ನೂರರ ಲೆಕ್ಕದಲ್ಲಿ ಈ ವೈನುಗಳಿಗೆ ಐಸ್‌ವೈನ್‌ನ ಎತ್ತರ ಸಿಗುವ ಸಂಭವ ಕಡಿಮೆ, ಯಾಕೆಂದರೆ ಎತ್ತರ ಕೊಡುವ ಪದಾರ್ಥಗಳನ್ನೆಲ್ಲ ಇವು ನಿಯಮದಿಂದಲೇ ಬಿಟ್ಟುಕೊಟ್ಟಿವೆ. ಕೆನಡಾದ ಪಾನೀಯಗಳ ಬಗ್ಗೆ ಬರೆಯುವವರು ಮುಂದಿನ ಸಲ ಐಸ್‌ವೈನ್‌ಗೆ ಮೀಸಲಿಟ್ಟ ಪುಟಗಳಲ್ಲಿ ಅರ್ಧವನ್ನಾದರೂ ಇವಕ್ಕೆ ಕೊಡಲಿ. ಬಾಟಲಿಯನ್ನು ಮೇಜಿನ ಮೇಲೆ ಊಟದ ಜೊತೆ ಇಟ್ಟು, ಅದು ಮುಗಿಯುವವರೆಗೆ ಕೂತು, ಅಂಕ ಹಾಕದೆ ಬರೆಯಲಿ.