ಪಾತ್ರಕ್ಕಿಂತ ಮೊದಲೇ ಬಂದ ನಟ

ಸೆಸಿಲ್ ಬಿ. ಡೆಮಿಲ್ ಅವರ ‘ದಿ ಟೆನ್ ಕಮಾಂಡ್‌ಮೆಂಟ್ಸ್’ (1956) ಚಿತ್ರದ ಸಂಭಾಷಣೆ ಬಹುಮಟ್ಟಿಗೆ ಘೋಷಣೆಯ ಧಾಟಿಯದು. ಇಂಥ ಕಡೆ ಪಾತ್ರಕ್ಕೆ ಒಳಬದುಕು ಕೊಡುವ ಹೊಣೆ ಮಾತಿಗಿಂತ ಹೆಚ್ಚಾಗಿ ನಟರ ಆಯ್ಕೆಯ ಮೇಲೆ ಬೀಳುತ್ತದೆ. ಚಾರ್ಲ್ಟನ್ ಹೆಸ್ಟನ್ ಅವರ ಮುಖ ಮೈಕೆಲ್ಯಾಂಜೆಲೊ ಕಡೆದ ಮೋಶೆಯನ್ನು ಹೋಲುತ್ತದೆಂಬ ಮಾತು ಪ್ರಸಿದ್ಧ. ಆ ಹೋಲಿಕೆ ಚಿತ್ರಕ್ಕೆ ಘನತೆ ತಂದಿತು; ಆಳ ತಂದವರು ಎದುರಾಳಿಗಳು. ಯೂಲ್ ಬ್ರಿನ್ನರ್ ಆಗಲೇ ಬ್ರಾಡ್‌ವೇಯ ‘ದಿ ಕಿಂಗ್ ಅಂಡ್ ಐ’ನಲ್ಲಿ ದೊರೆಯಾಗಿ ಮೆರೆದವರು. ಎದೆ ಸೆಟೆಸಿ ನಿಲ್ಲುವ ಅವರ ಫೇರೋ ರಾಮ್ಸೆಸ್ ಕಡೆಗೆ ಸತ್ತ ಮಗನನ್ನು ಗಿಡುಗದ ತಲೆಯ ದೇವರಿಗೆ ಒಪ್ಪಿಸಿ, ಜೀವ ಕೊಡೆಂದು ಬೇಡುತ್ತಾನೆ. ಮೊದಲಿನ ಠೀವಿ ನಂಬುವಂತಿದ್ದುದರಿಂದಲೇ ಈ ಕುಸಿತ ತಟ್ಟುತ್ತದೆ.

ಇನ್ನೂ ಚುರುಕಾದ ಆಯ್ಕೆ, ಈಜಿಪ್ಟಿನವರ ಪರ ಕೆಲಸ ಮಾಡುವ ಹೀಬ್ರೂ ಮೇಲ್ವಿಚಾರಕ ದಾತಾನನಾಗಿ ಎಡ್ವರ್ಡ್ ಜಿ. ರಾಬಿನ್ಸನ್. ‘ಲಿಟಲ್ ಸೀಸರ್’ (1931) ಚಿತ್ರದ ಪಾತಕಿಯ ದನಿ ಪ್ರಾಚೀನ ಈಜಿಪ್ಟಿಗೆ ಒಗ್ಗುವುದಿಲ್ಲವೆಂಬ ಆಕ್ಷೇಪವಿದೆ. ಒಗ್ಗುವುದಿಲ್ಲ, ನಿಜ, ಲಾಭವಿರುವುದೂ ಅಲ್ಲೇ. ಉಳಿದವರು ದೇವರು, ವಿಧಿ, ಸಿಂಹಾಸನ ಎನ್ನುತ್ತಿರುವಾಗ ಈತ ವ್ಯಾಪಾರ ಕುದುರಿಸುತ್ತಾನೆ. ಮೋಶೆಯ ಹುಟ್ಟಿನ ಗುಟ್ಟು ಬಿಟ್ಟುಕೊಡಲು ತನ್ನ ಬಿಡುಗಡೆ, ತಾನು ಬಯಸಿದ ಹೀಬ್ರೂ ಹುಡುಗಿ ಲಿಲಿಯಾ, ಗೋಷೆನ್ ಪ್ರಾಂತದ ಅಧಿಕಾರ ಎಂದು ಬೆಲೆಯನ್ನು ಒಂದೊಂದಾಗಿ ಏರಿಸುತ್ತಾನೆ. ದ್ರೋಹವೆಂಬುದು ರಾಕ್ಷಸರದಲ್ಲ, ಲೆಕ್ಕ ಬಲ್ಲವರದು ಎಂಬುದನ್ನು ಆ ದನಿಯೇ ಹೇಳಿಬಿಡುತ್ತದೆ. ರಾಬಿನ್ಸನ್ ಸ್ವತಃ ಯಹೂದಿ. ಕಮ್ಯುನಿಸ್ಟರ ಬೇಟೆಯ ದಿನಗಳಲ್ಲಿ ಸಂಶಯಕ್ಕೆ ಗುರಿಯಾಗಿ ದೊಡ್ಡ ಪಾತ್ರಗಳನ್ನು ಕಳೆದುಕೊಂಡಿದ್ದವರು. ಅವರನ್ನು ಕರೆತಂದದ್ದು ಕಮ್ಯುನಿಸ್ಟ್ ವಿರೋಧಿ ಡೆಮಿಲ್. ತನ್ನವರನ್ನೇ ಹಿಡಿದುಕೊಡುವ ಪಾತ್ರಕ್ಕೆ ಇದರಿಂದ ಇನ್ನಷ್ಟು ಕಹಿ ಸೇರುತ್ತದೆ. ಈ ಇತಿಹಾಸ ತಿಳಿಯದ ಪ್ರೇಕ್ಷಕರಿಗೂ ದನಿಯ ಕೆಲಸ ಮಾತ್ರ ನಡೆದೇ ನಡೆಯುತ್ತದೆ.

ಹಾಗಾದರೆ ಪರಿಚಿತ ಮುಖವಿದ್ದರೆ ಸಾಕೇ? ‘ದಿ ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್’ (1965) ಚಿತ್ರದಲ್ಲಿ ಶಿಲುಬೆಯ ಬಳಿ ನಿಂತ ಶತಾಧಿಪತಿ ಜಾನ್ ವೇಯ್ನ್. ಪ್ರೇಕ್ಷಕರಿಗೆ ಕಾಣುವುದು ಮಾತ್ರ ಕೌಬಾಯ್. ರಾಬಿನ್ಸನ್‌ರ ಹಳೆಯ ಛಾಯೆಗೆ ಕಥೆಯಲ್ಲಿ ಮಾಡಲು ಕೆಲಸವಿತ್ತು, ವೇಯ್ನ್‌ರದ್ದಕ್ಕೆ ಇರಲಿಲ್ಲ. ಇನ್ನೊಂದು ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. ‘ಬೆನ್-ಹರ್’ (1959) ಚಿತ್ರದ ಅರಬ್ ಶೇಖ್ ಮುಖಕ್ಕೆ ಬಣ್ಣ ಬಳಿದ ವೇಲ್ಸ್ ನಟ ಹ್ಯೂ ಗ್ರಿಫಿತ್. ಆಸ್ಕರ್ ಸಿಕ್ಕಿತೆಂಬ ಮಾತ್ರಕ್ಕೆ ಅದು ಸರಿಯಾಗದು. ನಟನ ಹಿನ್ನೆಲೆಯಿಂದ ಒಬ್ಬೊಬ್ಬ ವ್ಯಕ್ತಿಯನ್ನು ಆಳವಾಗಿಸಲು ಬಲ್ಲ ಈ ಚಿತ್ರಗಳು, ಇಡೀ ಜನಾಂಗಗಳ ವಿಷಯದಲ್ಲಿ ಮೇಕಪ್ಪಿನಲ್ಲೇ ತೃಪ್ತಿಪಟ್ಟವು. ಅವುಗಳ ಕೌಶಲವನ್ನು ಮೆಚ್ಚುವಾಗ ಈ ಕೊರತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.