ಗುರುತು ಹಾಕಿದರೆ ಸಾಕೆ?

ಅಮೆರಿಕದ ಶಸ್ತ್ರವೈದ್ಯ ಅತುಲ್ ಗವಾಂಡೆ ಅವರ ‘ದಿ ಚೆಕ್‌ಲಿಸ್ಟ್ ಮ್ಯಾನಿಫೆಸ್ಟೊ’ (2009) ಪ್ರಯೋಗಶಾಲೆಯಲ್ಲಿ ಪಾಠ ಹೇಳುವವರೂ ಓದತಕ್ಕ ಪುಸ್ತಕ. ಎಷ್ಟೋ ತಪ್ಪುಗಳಿಗೆ ಕಾರಣ ಅಜ್ಞಾನವಲ್ಲ, ತಿಳಿದದ್ದನ್ನು ಮಾಡದೆ ಬಿಡುವುದು. ಅದಕ್ಕೆ ಒಂದು ಪುಟದ ಪರಿಶೀಲನಾ ಪಟ್ಟಿಯೇ ಮದ್ದು ಎಂಬುದು ಅವರ ವಾದ. ಬರವಣಿಗೆ ಸೊಗಸಾಗಿದೆ. ಆದರೆ ಪಟ್ಟಿಗೇ ಇಷ್ಟು ಶ್ರೇಯಸ್ಸು ಸಲ್ಲಬೇಕೆ?

ಪುಸ್ತಕದ ತಿರುಳು, ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಪಟ್ಟಿ. ಅರಿವಳಿಕೆ ಕೊಡುವ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿಯನ್ನು ಕೊಠಡಿಯಿಂದ ಕಳಿಸುವ ಮುನ್ನ ಅದನ್ನು ಗಟ್ಟಿಯಾಗಿ ಓದಿ ತಾಳೆ ನೋಡಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಜಾರಿಗೆ ತಂದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಹೋಲಿಕೆಗೆ ಪಟ್ಟಿಯಿಲ್ಲದ ಆಸ್ಪತ್ರೆಗಳಿದ್ದವೆ ಎಂದು ವಿಜ್ಞಾನದ ವಿದ್ಯಾರ್ಥಿ ಕೇಳಬೇಕು. ಇರಲಿಲ್ಲ. ಬದಲಾದದ್ದು ಕಾಗದವೊಂದೇ ಅಲ್ಲ. ತಂಡದವರು ಪರಸ್ಪರ ಹೆಸರು ಹೇಳಿ ಪರಿಚಯಿಸಿಕೊಳ್ಳುವುದೂ ಪಟ್ಟಿಯ ಒಂದು ಅಂಶ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಹಂತವೊಂದನ್ನು ಬಿಟ್ಟ ವೈದ್ಯರನ್ನು ತಡೆಯುವ ಅಧಿಕಾರವನ್ನು ದಾದಿಯರಿಗೆ ಕೊಟ್ಟ ಸಂಗತಿಯೂ ಪುಸ್ತಕದಲ್ಲೇ ಇದೆ. ನನಗೆ ಪಟ್ಟಿಗಿಂತ ಇದೇ ದೊಡ್ಡ ಬದಲಾವಣೆಯಾಗಿ ಕಾಣುತ್ತದೆ.

ಪುಸ್ತಕ ಬಂದ ಮೇಲಿನ ಪುರಾವೆಯನ್ನೂ ನೋಡಿ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ, ಪಟ್ಟಿಯನ್ನು ಎಷ್ಟು ಪಾಲಿಸಿದ್ದೇವೆಂದು ಆಸ್ಪತ್ರೆಗಳು 2010ರಿಂದ ಸಾರ್ವಜನಿಕವಾಗಿ ವರದಿ ಮಾಡಬೇಕಾಯಿತು. 101 ಆಸ್ಪತ್ರೆಗಳ ಎರಡು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ ಸಾವು ಶೇ. 0.71ರಿಂದ 0.65ಕ್ಕೆ ಇಳಿದಿತ್ತು, ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಅದು ಇಳಿಕೆಯೇ ಅಲ್ಲ. ಆಸ್ಪತ್ರೆಗಳು ಹೇಳಿಕೊಂಡ ಪಾಲನೆ ಮಾತ್ರ ಶೇ. 90ಕ್ಕೂ ಮೇಲೆ! ಗುರುತ್ವ ವೇಗೋತ್ಕರ್ಷ ಸರಿಯಾಗಿ 9.8 ಬರುವಂತೆ ಲೋಲಕದ ಅಳತೆಗಳನ್ನು ‘ಹೊಂದಿಸಿ’ ಬರೆದ ರೆಕಾರ್ಡ್ ಪುಸ್ತಕಗಳನ್ನು ಕಂಡ ಅಧ್ಯಾಪಕರಿಗೆ ಇದು ಹೊಸದಲ್ಲ. ಅಧ್ಯಯನದ ಅವಧಿ ಚಿಕ್ಕದೆಂಬುದನ್ನೂ ಒಪ್ಪೋಣ.

ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ದಾರಿ ಬೇರೆಯಾಗಿತ್ತು. ಅಲ್ಲಿ ಸಿಬ್ಬಂದಿಯೊಡನೆ ಒಬ್ಬೊಬ್ಬರಾಗಿ ಮಾತಾಡಿ, ಪಟ್ಟಿಯನ್ನು ತಮ್ಮ ಆಸ್ಪತ್ರೆಗೆ ತಕ್ಕಂತೆ ತಿದ್ದಿ, ಸಣ್ಣದಾಗಿ ಪರೀಕ್ಷಿಸಿ, ಬಳಿಕ ಬಳಕೆಗೆ ತಂದರು. ಈ ಕ್ರಮವನ್ನು ಪೂರೈಸಿದ 14 ಆಸ್ಪತ್ರೆಗಳಲ್ಲಿ 30 ದಿನಗಳೊಳಗಿನ ಸಾವು 2010ರ ಶೇ. 3.38ರಿಂದ 2013ಕ್ಕೆ 2.84 ಆಯಿತು; ಉಳಿದ ಆಸ್ಪತ್ರೆಗಳಲ್ಲಿ ಇಳಿಯಲಿಲ್ಲ. ತಾವಾಗಿ ಮುಂದೆ ಬಂದ ಆಸ್ಪತ್ರೆಗಳು ಮೊದಲೇ ಹುರುಪಿನವಾಗಿರಬಹುದು, ನಿಜ. ಆದರೂ ಇಲ್ಲಿ ಹೋಲಿಕೆಯಾದರೂ ಇದೆ.

ಎಂಟು ಆಸ್ಪತ್ರೆಗಳ ಸಿಬ್ಬಂದಿಯಲ್ಲಿ ಸುಮಾರು ಶೇ. 20 ಮಂದಿಗೆ ಪಟ್ಟಿ ಸುಲಭವೆನಿಸಲಿಲ್ಲ, ಆದರೆ ತಮಗೇ ಶಸ್ತ್ರಚಿಕಿತ್ಸೆಯಾಗುವುದಾದರೆ ಪಟ್ಟಿ ಬೇಕೆಂದವರು ಶೇ. 93 ಎಂದು ಗವಾಂಡೆ, ವಾದ ಗೆದ್ದವರಂತೆ, ಬರೆಯುತ್ತಾರೆ. ತುಂಬ ಹೊತ್ತು ಹಿಡಿಯುತ್ತದೆ ಎಂದವರನ್ನು ಕೂರಿಸಿ, ಯಾವ ಸಾಲಿಗೆ, ಏಕೆ ಎಂದು ವಿಚಾರಿಸುವ ಅಧ್ಯಾಯವೊಂದು ಇದ್ದಿದ್ದರೆ ಪುಸ್ತಕದ ತೂಕ ಹೆಚ್ಚುತ್ತಿತ್ತು.